ವಾಷಿಂಗ್ ಮಷಿನ್ ಸದ್ದು ಮಾಡ್ತಿದೆಯಾ? ಹೊಸದು ಕೊಳ್ಳುವ ಮೊದಲು ಇಷ್ಟು ನೋಡಿ

ವಾಷಿಂಗ್ ಮಷಿನ್ ಸದ್ದು ಜಾಸ್ತಿ ಆಯಿತು ಅಂದರೆ ನಮ್ಮ ಕಡೆ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ಒಂದು, "ಬೇರಿಂಗ್ ಹೋಗೇತಿ ನೋಡ್ರಿ." ಇನ್ನೊಂದು, "ಇದಕ್ಕ ರೊಕ್ಕಾ ಹಾಕಬ್ಯಾಡ್ರಿ, ಹೊಸಾದ ತಗೋರಿ." ಬೇರಿಂಗ್ ಅಂದರೆ ಡ್ರಮ್ ಸಲೀಸಾಗಿ ತಿರುಗಲಿ ಅಂತ ಅದರ ಹಿಂದೆ ಹಾಕಿರುವ, ಒಳಗೆ ಗುಂಡುಗಳಿರುವ ಉಕ್ಕಿನ ಉಂಗುರ. ಈ ಎರಡೂ ಮಾತು ಕೆಲವೊಮ್ಮೆ ನಿಜವೇ. ಆದರೆ ಮಷಿನ್ನಿನ ಹಿಂದಿನ ಮುಚ್ಚಳವನ್ನೂ ತೆಗೆಯದೆ ಈ ಮಾತು ಹೇಳುವವರನ್ನು ನಂಬಬೇಡಿ. ಎಷ್ಟೋ ಸಲ ಸದ್ದಿಗೆ ಕಾರಣ ಸಡಿಲವಾದ ಒಂದು ಕಾಲು, ಪಂಪಿನಲ್ಲಿ ಸಿಕ್ಕಿಬಿದ್ದ ಒಂದು ನಾಣ್ಯ ಇಷ್ಟೇ ಇರುತ್ತದೆ. ಬೇರಿಂಗೇ ಹೋಗಿದ್ದರೂ ಎಲ್ಲ ಮಷಿನ್ನಿನ ಕಥೆ ಅಲ್ಲಿಗೆ ಮುಗಿಯುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳನ್ನು ಇಲ್ಲಿ ಬರೆದಿದ್ದೇನೆ. ಒಂದೇ ಷರತ್ತು: ಕೈ ಒಳಗೆ ಹಾಕುವ ಮೊದಲು ಪ್ಲಗ್ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣಿಗೆ ಕಾಣುವಂತೆ ಹೊರಗಿಡಿ.

ಸದ್ದು ಯಾವಾಗ ಬರುತ್ತದೆ?

ಸದ್ದು ಹೇಗಿದೆ ಅನ್ನುವುದಕ್ಕಿಂತ ಯಾವಾಗ ಬರುತ್ತದೆ ಅನ್ನುವುದನ್ನು ಮೊದಲು ಗಮನಿಸಿ. ನೀರು ತುಂಬುವಾಗ ಗುಂಯ್ ಅನ್ನುತ್ತಿದ್ದರೆ ಅದು ನೀರಿನ ವಾಲ್ವು. ಟಾಕಿಯ ನೀರು ಕಡಿಮೆ ಒತ್ತಡದಲ್ಲಿ ಬಂದರೆ, ಇಲ್ಲವೇ ಪೈಪು ಕೂಡುವ ಜಾಗದ ಸಣ್ಣ ಜಾಲರಿಯಲ್ಲಿ ಮರಳು ತುಂಬಿದ್ದರೆ ಹೀಗಾಗುತ್ತದೆ. ನಳ ಬಂದ್ ಮಾಡಿ, ಪೈಪು ಬಿಚ್ಚಿ, ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಮುಗಿಯಿತು. ನೀರು ಹೊರಗೆ ಹೋಗುವಾಗ ಮಾತ್ರ ಕಟಕಟ ಬಂದರೆ ಪಂಪು ನೋಡಬೇಕು. ಡ್ರಮ್ ನಿಧಾನವಾಗಿ ಆಚೆ ಈಚೆ ತಿರುಗುವಾಗ ಸುತ್ತಿಗೊಮ್ಮೆ ಟಕ್ ಅಂದರೆ ಒಳಗೆ ಏನೋ ಸಿಕ್ಕಿಕೊಂಡಿದೆ. ವೇಗ ಹೆಚ್ಚಿದಂತೆ ಸದ್ದೂ ಹೆಚ್ಚಿದರೆ ಬೇರಿಂಗ್ ಮೇಲೆ ಅನುಮಾನ ಪಡಬೇಕು. ಬಾಗಿಲು ಲಾಕ್ ಆಗುವಾಗಿನ ಟಿಕ್, ಮೋಟಾರು ದಿಕ್ಕು ಬದಲಿಸುವಾಗಿನ ಸಣ್ಣ ಟಕ್ ಇವು ರೋಗವಲ್ಲ. ಮಷಿನ್ ಹೊಸದಿದ್ದಾಗಲೂ ಅವು ಇದ್ದವು. ನೀವು ಈಗ ಕಿವಿಗೊಟ್ಟು ಕೇಳುತ್ತಿದ್ದೀರಿ, ಅಷ್ಟೇ.

ಇನ್ನೊಂದು ಪರೀಕ್ಷೆ ಬಹಳ ಉಪಯೋಗದ್ದು. ಬಟ್ಟೆಯೇ ಇಲ್ಲದೆ ಬರೀ ಸ್ಪಿನ್ ಹಾಕಿ. ಖಾಲಿ ಇದ್ದಾಗ ಸುಮ್ಮನಿದ್ದು, ಬಟ್ಟೆ ಹಾಕಿದಾಗ ಮಾತ್ರ ಎಗರಾಡಿದರೆ ದೋಷ ಇರುವುದು ತೂಕ ಹಂಚಿಕೆಯಲ್ಲಿ, ಕಾಲುಗಳಲ್ಲಿ ಅಥವಾ ಡ್ರಮ್ಮನ್ನು ಹಿಡಿದಿರುವ ರಾಡು, ಕುಲುಕಾಟ ತಡೆಯುವ ಡ್ಯಾಂಪರ್‌ಗಳಲ್ಲಿ. ಖಾಲಿ ಇದ್ದಾಗಲೂ ಸದ್ದು ಅಷ್ಟೇ ಇದ್ದರೆ ತಿರುಗುವ ಭಾಗಗಳಲ್ಲೇ ಏನೋ ಆಗಿದೆ. ಈ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಮೆಕ್ಯಾನಿಕ್ ಬಂದಾಗ ಮಷಿನ್ ಸುಮ್ಮನಾಗಿಬಿಡುವುದು ಹೊಸದೇನಲ್ಲ, ಅಲ್ವಾ?

ನೆಲ, ಕಾಲು, ಕೌದಿ

ನಮ್ಮ ಕಡೆ ನೆಲವನ್ನು ನೋಡದೆ ಮಷಿನ್ನಿಗೆ ಬೈಯುವುದು ಅನ್ಯಾಯ. ಗದಗ, ನವಲಗುಂದ, ಹುಬ್ಬಳ್ಳಿಯ ಸುತ್ತಮುತ್ತ ಎರೆಮಣ್ಣು ಜಾಸ್ತಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಬುನಾದಿ ಗಟ್ಟಿ ಇದ್ದರೂ ಅದರ ಮೇಲಿನ ನೆಲಹಾಸು ಅಲ್ಲಲ್ಲಿ ಏಳುತ್ತದೆ, ಕೂರುತ್ತದೆ. ಏಪ್ರಿಲ್‌ನಲ್ಲಿ ಸರಿಯಾಗಿ ನಿಂತಿದ್ದ ಮಷಿನ್ ಆಗಸ್ಟ್‌ನಲ್ಲಿ ಕುಣಿಯತೊಡಗಿದರೆ ಮೊದಲು ಇದನ್ನೇ ನೋಡಿ. ಹಳೆಯ ಮನೆಗಳ ಶಹಾಬಾದ್ ಫರ್ಶಿಯದು ಇನ್ನೊಂದು ಕಥೆ. ಬಚ್ಚಲ ಕಡೆ ನೀರು ಹರಿಯಲಿ ಅಂತ ಇಳಿಜಾರು ಕೊಟ್ಟಿರುತ್ತಾರೆ. ಕೆಳಗಿನ ಗಿಲಾವು ಉದುರಿ ಕಲ್ಲೂ ಟೊಳ್ಳಾಗಿರುತ್ತದೆ. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಆ ಜಾಗ ಮಷಿನ್ನಿಗೆ ಬೇಡ.

ಪರೀಕ್ಷೆ ಸುಲಭ. ಮಷಿನ್ನಿನ ಮೇಲ್ಭಾಗದಲ್ಲಿ ಓರೆಯಾಗಿ ಎದುರುಬದುರಿರುವ ಎರಡು ಮೂಲೆಗಳನ್ನು ಎರಡೂ ಕೈಯಿಂದ ಒತ್ತಿ. ನಂತರ ಇನ್ನೆರಡು ಮೂಲೆ. ಒಂದಿಷ್ಟೂ ಅಲುಗಾಡಬಾರದು. ಅಲುಗಾಡಿದರೆ ಯಾವ ಕಾಲು ನೆಲಕ್ಕೆ ತಾಗಿಲ್ಲ ಅಂತ ನೋಡಿ, ಅದನ್ನು ತಿರುಗಿಸಿ ಇಳಿಸಿ. ಗೌಂಡಿ ಬಳಸುವ ಮಟ್ಟಗೋಲನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ಮಟ್ಟ ಸರಿಮಾಡಿ. ಕೊನೆಗೆ ಕಾಲಿನ ಲಾಕ್ ನಟ್ಟನ್ನು ಪಾನಾದಿಂದ ಬಿಗಿಮಾಡುವುದನ್ನು ಮರೆಯಬೇಡಿ. ಬಹಳ ಜನ ಬಿಡುವುದು ಇದನ್ನೇ. ನಟ್ಟು ಬಿಗಿಯಾಗಿರದಿದ್ದರೆ ಕಾಲು ಕೆಲವೇ ವಾರದಲ್ಲಿ ಮತ್ತೆ ತಿರುಗಿ ಸಡಿಲವಾಗುತ್ತದೆ. ಕೆಳಗೆ ರಟ್ಟು, ಮಡಚಿದ ಪೇಪರ್ ಇಡಬೇಡಿ. ನೀರು ಬಿದ್ದಾಗ ಮೆತ್ತಗಾಗಿ ಮಟ್ಟ ಮತ್ತೆ ತಪ್ಪುತ್ತದೆ.

ಹೊಸ ಫ್ರಂಟ್ ಲೋಡ್ ಮಷಿನ್ ಮೊದಲ ದಿನವೇ ನಡೆಯುತ್ತಾ ಗೋಡೆಗೆ ಬಂದರೆ ಬಹುಮಟ್ಟಿಗೆ ಹಿಂಬದಿಯ ಸಾಗಾಣಿಕೆ ಬೋಲ್ಟ್ ತೆಗೆದಿಲ್ಲ ಅಂತ ಅರ್ಥ. ಲಾರಿಯಲ್ಲಿ ಡ್ರಮ್ ಅಲುಗಾಡದಿರಲಿ ಅಂತ ಹಾಕಿರುವ ಬೋಲ್ಟುಗಳು ಅವು. ತೆಗೆದು ಜೋಪಾನವಾಗಿಡಿ, ಮನೆ ಬದಲಿಸುವಾಗ ಮತ್ತೆ ಬೇಕಾಗುತ್ತವೆ.

ಇನ್ನು ಕೌದಿ. ಹಳೆಯ ಸೀರೆ, ಧೋತರ ಪದರಪದರವಾಗಿ ಹೊಲಿದ ಕೌದಿ ಒಣಗಿದ್ದಾಗಲೇ ಭಾರ. ನೀರು ಕುಡಿದ ಮೇಲೆ ಡ್ರಮ್ಮಿನ ಒಂದೇ ಕಡೆ ಮುದ್ದೆಯಾಗಿ ಕೂರುತ್ತದೆ. ಫ್ರಂಟ್ ಲೋಡ್ ಮಷಿನ್ ಸ್ಪಿನ್‌ನಲ್ಲಿ ನಿಮಿಷಕ್ಕೆ 1,000ದಿಂದ 1,400 ಸುತ್ತು ಹಾಕುತ್ತದೆ. ಅಷ್ಟು ವೇಗದಲ್ಲಿ ಒಂದು ಕಡೆಯ ತೂಕ ಇಡೀ ಮಷಿನ್ನನ್ನೇ ಎಳೆದಾಡುತ್ತದೆ. ಈಗಿನ ಮಷಿನ್‌ಗಳು ಇದನ್ನು ಗುರುತಿಸಿ ಸ್ಪಿನ್ ನಿಲ್ಲಿಸುತ್ತವೆ, ಆದರೂ ಪೆಟ್ಟು ಬೀಳುವುದು ಬೀಳುತ್ತದೆ. ಕೌದಿಯನ್ನು ಕಲ್ಲಿನ ಮೇಲೇ ಒಗೆಯಿರಿ. ರೇನ್‌ಕೋಟ್, ನೀರು ಹೀರದ ಗಾದಿ ಕವರ್‌ಗಳನ್ನಂತೂ ಸ್ಪಿನ್‌ಗೆ ಹಾಕಲೇಬಾರದು. ನೀರು ಅವುಗಳ ಮಡಿಕೆಯಲ್ಲಿ ಹಾಗೇ ನಿಂತಿದ್ದು, ವೇಗ ಏರಿದಾಗ ಒಮ್ಮೆಲೇ ನುಗ್ಗುತ್ತದೆ. ಮಷಿನ್ ಒಡೆದುಹೋಗುವಷ್ಟು ಜೋರಾಗಿ ಎಗರಬಹುದು.

ಒಳಗೆ ಸಿಕ್ಕಿಕೊಂಡದ್ದು

ಧಾರವಾಡದ ಮಾಳಮಡ್ಡಿಯಲ್ಲಿ ನಮಗೆ ಪರಿಚಯದ ಕಾಕು ಒಬ್ಬರಿದ್ದಾರೆ. ಅವರ ಫ್ರಂಟ್ ಲೋಡ್ ಮಷಿನ್ ಒಗೆಯುವಾಗ ಚರ್ ಚರ್ ಅಂತ ಗೀರುವ ಸದ್ದು ಮಾಡುತ್ತಿತ್ತು. "ಏನಪಾ, ಇದರ ಆಯುಷ್ಯ ಮುಗೀತೇನು? ಬಂದಾಂವ ಡ್ರಮ್ಮ ಬದಲಿ ಮಾಡಬೇಕಂದ" ಅಂತ ಕೇಳಿದರು. ಪ್ಲಗ್ ತೆಗೆದು, ಬಾಗಿಲು ತೆರೆದು, ಡ್ರಮ್ಮನ್ನು ಕೈಯಿಂದ ನಿಧಾನವಾಗಿ ತಿರುಗಿಸಿದೆವು. ಪ್ರತಿ ಸುತ್ತಿನಲ್ಲೂ ಕೆಳಗಡೆ ಒಂದೇ ಜಾಗದಲ್ಲಿ ಗೀರುತ್ತಿತ್ತು. ಬೇರಿಂಗ್ ಸದ್ದು ಹೀಗೆ ಒಂದೇ ಜಾಗದಲ್ಲಿ ಬರುವುದಿಲ್ಲ, ಸುತ್ತೆಲ್ಲ ಬರುತ್ತದೆ. ಟಾರ್ಚ್ ಬಿಟ್ಟು ಡ್ರಮ್ಮಿನ ತೂತುಗಳೊಳಗೆ ನೋಡಿದರೆ ಕೆಳಗೆ ಹೊಳೆಯುವ ತಂತಿಯ ತುದಿ. ಒಳಉಡುಪಿನಿಂದ ಹೊರಬಂದ ತಂತಿ. ನೀರು ಕಾಯಿಸುವ ಹೀಟರ್ ಬಿಚ್ಚಿ, ಆ ಕಂಡಿಯಿಂದ ಮೆಕ್ಯಾನಿಕ್ ಕೈಯಲ್ಲಿ ಅದನ್ನು ತೆಗೆಸಿದೆವು. ಡ್ರಮ್ಮಿಗೆ ಏನೂ ಆಗಿರಲಿಲ್ಲ. ಕಾಕು ಮಷಿನ್ ಈಗಲೂ ನಡೆಯುತ್ತಿದೆ.

ಹೀಗೆ ಸಿಕ್ಕಿಕೊಳ್ಳುವುದು ತಂತಿ ಮಾತ್ರ ಅಲ್ಲ. ಪಿನ್ನು, ನಾಣ್ಯ, ಕಾಲುಂಗುರ, ಅಂಗಿಯ ಗುಂಡಿ ಎಲ್ಲಾ ಸಿಗುತ್ತವೆ. ಫ್ರಂಟ್ ಲೋಡ್ ಮಷಿನ್ನಿನ ಮುಂದೆ ಕೆಳಮೂಲೆಯಲ್ಲಿ ಒಂದು ಸಣ್ಣ ಬಾಗಿಲಿರುತ್ತದೆ. ಅದರ ಹಿಂದೆ ಪಂಪಿನ ಫಿಲ್ಟರ್. ಅಗಲವಾದ ತಟ್ಟೆ ಇಟ್ಟು, ಹಳೆಯ ಬಟ್ಟೆ ಹಾಸಿ, ನಿಧಾನವಾಗಿ ತಿರುಗಿಸಿ ತೆಗೆಯಿರಿ, ಒಳಗಿನ ನೀರು ಬರುತ್ತದೆ. ಬಿಸಿನೀರಿನಲ್ಲಿ ಒಗೆದಿದ್ದರೆ ಆರುವ ತನಕ ಕಾಯಿರಿ. ಫಿಲ್ಟರ್ ಹಿಂದಿನ ಕುಳಿಯಲ್ಲಿ ಬೆರಳು ಹಾಕಿದರೆ ಪಂಪಿನ ಸಣ್ಣ ರೆಕ್ಕೆ ಸಿಗುತ್ತದೆ. ಅದಕ್ಕೆ ಕೂದಲು ಸುತ್ತಿದೆಯಾ, ಕಲ್ಲು ಸಿಕ್ಕಿದೆಯಾ ನೋಡಿ. ಹೊಲಕ್ಕೆ ಹೋಗಿಬರುವವರ ಮನೆಯಲ್ಲಿ ಇಲ್ಲಿ ಎರೆಮಣ್ಣು ಕೆಸರಾಗಿ ಕೂತಿರುತ್ತದೆ. ಅಂಥ ಬಟ್ಟೆಯನ್ನು ಮೊದಲು ಜಾಡಿಸಿ, ನೀರಿನಲ್ಲಿ ಒಮ್ಮೆ ಅದ್ದಿ ತೆಗೆದು ಆಮೇಲೆ ಮಷಿನ್ನಿಗೆ ಹಾಕಿ.

ಇಲಿಗಳನ್ನೂ ಮರೆಯುವ ಹಾಗಿಲ್ಲ. ಅಡಿಯಲ್ಲಿ ಜಾಲರಿ ಇಲ್ಲದ ಮಷಿನ್ನಿಗೆ ಇಲಿ ನುಗ್ಗಿ ವೈರು ಕಡಿಯುತ್ತದೆ, ಬೆಲ್ಟಿನ ದಾರಿಯಲ್ಲಿ ಚಿಂದಿ ತಂದು ತುಂಬುತ್ತದೆ. ಹಿಂದಿನ ಮುಚ್ಚಳ ತೆಗೆದಾಗ ಇಲಿಯ ಹಿಕ್ಕೆ ಕಂಡರೆ ವೈರುಗಳನ್ನು ಪೂರ್ತಿ ನೋಡದೆ ಪ್ಲಗ್ ಹಾಕಬೇಡಿ.

ಬೇರಿಂಗ್: ಇಲ್ಲಿ ಮಾತ್ರ ತಡ ಮಾಡಬೇಡಿ

ಬೇರಿಂಗ್ ಹೋದ ಮಷಿನ್ ಸ್ಪಿನ್‌ನಲ್ಲಿ ದೂರದ ಹಿಟ್ಟಿನ ಗಿರಣಿಯ ಹಾಗೆ ಗರ್ರ್ ಅನ್ನುತ್ತದೆ. ವಾರದಿಂದ ವಾರಕ್ಕೆ ಸದ್ದು ಏರುತ್ತದೆ. ಮೊದಲು ಅಡುಗೆಮನೆಗೆ ಕೇಳುತ್ತಿದ್ದದ್ದು ಆಮೇಲೆ ಪಡಸಾಲೆಗೆ, ಕೊನೆಗೆ ಪಕ್ಕದ ಮನೆಗೆ.

ಖಚಿತ ಮಾಡಿಕೊಳ್ಳಲು ಮೂರು ಪರೀಕ್ಷೆಗಳಿವೆ. ಪ್ಲಗ್ ತೆಗೆದು, ಖಾಲಿ ಡ್ರಮ್ಮಿನ ಮೇಲಂಚನ್ನು ಒಳಗಿನಿಂದ ಹಿಡಿದು ಮೇಲಕ್ಕೆ ಎತ್ತಿ, ಬಿಡಿ. ಡ್ರಮ್ಮೂ ಹೊರಗಿನ ಟಬ್ಬೂ ಒಟ್ಟಿಗೆ ಅಲುಗಿದರೆ ಅದು ಸ್ಪ್ರಿಂಗಿನ ಆಟ, ಸರಿಯಾಗಿದೆ. ಟಬ್ ಅಲ್ಲೇ ಇದ್ದು ಒಳಗಿನ ಡ್ರಮ್ ಮಾತ್ರ ಮೇಲೆ ಕೆಳಗೆ ಆಡಿದರೆ ಬೇರಿಂಗ್ ಸವೆದಿದೆ. ಎರಡನೆಯದು, ಹಿಂದಿನ ಮುಚ್ಚಳ ತೆಗೆದು ಟಬ್ಬಿನ ನಡುಭಾಗಕ್ಕೆ ಟಾರ್ಚ್ ಬಿಡಿ. ನಡುವಿನಿಂದ ಕೆಳಗೆ ಕಂದು ಬಣ್ಣದ ಗೆರೆ ಇಳಿದಿದ್ದರೆ ಬೇರಿಂಗಿಗೆ ನೀರು ತಾಗದಂತೆ ತಡೆಯುವ ಸೀಲ್ ಸೋರಿ, ತುಕ್ಕು ಬೆರೆತ ಗ್ರೀಸ್ ಹೊರಬರುತ್ತಿದೆ. ಮೂರನೆಯದು, ಬೆಲ್ಟ್ ಇರುವ ಮಷಿನ್ ಆದರೆ ದೊಡ್ಡ ಚಕ್ರವನ್ನು ತಿರುಗಿಸುತ್ತಾ ಬೆಲ್ಟನ್ನು ಪಕ್ಕಕ್ಕೆ ಎಳೆದು ಕಳಚಿ. ಈಗ ಚಕ್ರ ತಿರುಗಿಸಿ ಕೇಳಿ, ಆಮೇಲೆ ಮೋಟಾರನ್ನು ಬೇರೆಯಾಗಿ ತಿರುಗಿಸಿ ಕೇಳಿ. ಗರಗರ ಯಾವುದರಲ್ಲಿ ಬರುತ್ತದೋ ದೋಷ ಅದರದ್ದು. ಈ ಒಂದು ಪರೀಕ್ಷೆಯಿಂದ ಎಷ್ಟೋ ಡ್ರಮ್ ಬಿಚ್ಚುವ ಖರ್ಚು ತಪ್ಪುತ್ತದೆ.

ಬೆಲ್ಟಿನ ಮಷಿನ್ನಿನಲ್ಲಿ ಕಾರ್ಬನ್ ಬ್ರಷ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಇಂಗಾಲದ ತುಂಡು) ಇರುವ ಮೋಟಾರಾಗಿದ್ದರೆ ಅದನ್ನೂ ನೋಡಿ. ಬ್ರಷ್ ಸವೆದರೆ ಕಿಡಿ ಹಾರುತ್ತದೆ, ಕಿರ್ರ್ ಅನ್ನುತ್ತದೆ, ಸುಟ್ಟ ವಾಸನೆ ಬರುತ್ತದೆ. ಎರಡೂ ಬ್ರಷ್ ಒಟ್ಟಿಗೆ ಬದಲಿಸಬೇಕು. ಡ್ರಮ್ ರಿಪೇರಿಯ ಮುಂದೆ ಇದು ಏನೂ ಅಲ್ಲದ ಖರ್ಚು.

ಬೇರಿಂಗ್ ತಾನಾಗಿ ಹೋಗುವುದು ಕಡಿಮೆ. ಅದರ ಮುಂದಿರುವ ರಬ್ಬರ್ ಸೀಲ್ ಮೊದಲು ಹೋಗುತ್ತದೆ. ಸಾಬೂನು ನೀರು ಒಳನುಗ್ಗಿ ಗ್ರೀಸ್ ತೊಳೆದುಹಾಕುತ್ತದೆ, ಗುಂಡುಗಳಿಗೆ ತುಕ್ಕು ಹಿಡಿಯುತ್ತದೆ. ನಳಕ್ಕೆ ಮಲಪ್ರಭಾ ಹೊಳೆಯ ನೀರು ಬಾರದ ದಿನ ನಾವು ಬೋರ್ ನೀರು ಬಳಸುತ್ತೇವೆ. ಆ ಗಡಸು ನೀರಿನ ಸುಣ್ಣದಂಥ ಪುಡಿ ಸೀಲಿನ ತುಟಿಯ ಮೇಲೆ ಕಟ್ಟಿಕೊಂಡು ಅದನ್ನು ಸವೆಸುತ್ತದೆ. ನೊರೆ ಬರಲಿಲ್ಲ ಅಂತ ಪುಡಿ ಇನ್ನೂ ಜಾಸ್ತಿ ಹಾಕಿದರೆ ಇನ್ನಷ್ಟು ಗಸಿ ಕೂರುತ್ತದೆ.

ರಿಪೇರಿ ಮಾಡಿಸುವಾಗ ಇಷ್ಟನ್ನು ಪಟ್ಟು ಹಿಡಿದು ಕೇಳಿ. ಡ್ರಮ್ಮಿನ ಹಿಂದೆ ಎರಡು ಬೇರಿಂಗ್ ಇರುತ್ತವೆ, ಒಂದು ದೊಡ್ಡದು, ಒಂದು ಚಿಕ್ಕದು. ಎಷ್ಟೋ ಫ್ರಂಟ್ ಲೋಡ್ ಮಾದರಿಗಳಲ್ಲಿ 6206 ಮತ್ತು 6205 ನಂಬರಿನವು. 6205 ಅಂದರೆ ಒಳತೂತು 25 ಮಿಲಿಮೀಟರ್, ಹೊರವ್ಯಾಸ 52. 6206 ಅಂದರೆ 30 ಮತ್ತು 62. ನಂಬರ್ ಬೇರಿಂಗ್ ಮೇಲೇ ಕೆತ್ತಿರುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದು ಹುಬ್ಬಳ್ಳಿಯ ಬೇರಿಂಗ್ ಅಂಗಡಿಗೆ ಹೋದರೆ ಒಳ್ಳೆಯ ಕಂಪನಿಯದ್ದನ್ನೇ ತರಬಹುದು. ವಸ್ತುವಿನ ಬೆಲೆ ಅಂಥ ದೊಡ್ಡದಲ್ಲ, ದುಡ್ಡು ಹೋಗುವುದು ಕೂಲಿಗೆ. ಹಾಗಾಗಿ ಒಮ್ಮೆ ಬಿಚ್ಚಿದ ಮೇಲೆ ಎರಡೂ ಬೇರಿಂಗ್ ಮತ್ತು ಸೀಲ್ ಮೂರನ್ನೂ ಹೊಸದು ಹಾಕಿಸಿ. ಒಂದನ್ನು ಉಳಿಸಿದರೆ ಅದೇ ಕೂಲಿ ಎರಡನೇ ಸಲ ಕೊಡಬೇಕಾಗುತ್ತದೆ.

ಆಮೇಲೆ ಶಾಫ್ಟ್, ಅಂದರೆ ಬೇರಿಂಗ್ ಒಳಗೆ ತಿರುಗುವ ಡ್ರಮ್ಮಿನ ಉಕ್ಕಿನ ಕಂಬಿ, ನೋಡಿ. ಸೀಲಿನ ತುಟಿ ಕೂರುವ ಜಾಗದಲ್ಲಿ ಶಾಫ್ಟಿನ ಮೇಲೆ ನುಣುಪಾದ ಉಂಗುರ ಇರುತ್ತದೆ. ಅದರ ಮೇಲೆ ಉಗುರು ಎಳೆಯಿರಿ. ಉಗುರು ಗೀರಿನಲ್ಲಿ ಸಿಕ್ಕಿ ನಿಂತರೆ, ಅಲ್ಲಿಂದ ನೀರು ಮತ್ತೆ ನುಗ್ಗುತ್ತದೆ, ಹೊಸ ಬೇರಿಂಗೂ ಬೇಗ ಹಾಳಾಗುತ್ತದೆ. "ಈಗಷ್ಟೇ ಬೇರಿಂಗ್ ಹಾಕಿಸಿದ್ವಿ, ಮತ್ತೆ ಸದ್ದು" ಅನ್ನುವ ದೂರಿನ ಹಿಂದೆ ಇರುವುದು ಬಹುಪಾಲು ಈ ಗೀರೇ. ಡ್ರಮ್ಮಿನ ಬೆನ್ನಿಗೆ ಇರುವ ಮೂರು ತೋಳಿನ ಅಲ್ಯೂಮಿನಿಯಂ ಚೌಕಟ್ಟನ್ನೂ ನೋಡಿ, ಅದಕ್ಕೆ ಸ್ಪೈಡರ್, ಅಂದರೆ ಜೇಡ, ಅನ್ನುತ್ತಾರೆ. ಸ್ಟೀಲ್ ಡ್ರಮ್ಮಿಗೆ ತಾಗಿಕೊಂಡೇ ಸಾಬೂನು ನೀರಿನಲ್ಲಿ ಇರುವುದರಿಂದ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಮೇಲೆ ಬೂದು ಪುಡಿ, ಕೆಳಗೆ ಕುಳಿ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ಪುಡಿಯಾಗಿ ಉದುರಿದರೆ ಹೊಸದು ಬೇಕು. ಅದು ಸ್ಪಿನ್‌ನಲ್ಲಿ ಮುರಿದರೆ ಡ್ರಮ್ ಟಬ್ಬನ್ನೇ ಸೀಳುತ್ತದೆ.

ಫ್ರಂಟ್ ಲೋಡ್ ಮಷಿನ್ನಿನಲ್ಲಿ ಡ್ರಮ್ ಹೊರಗೆ ತೆಗೆಯದೆ ಈ ಕೆಲಸ ಆಗುವುದಿಲ್ಲ. ಅರ್ಧ ಗಂಟೆಯಲ್ಲಿ ಬೇರಿಂಗ್ ಬದಲಿಸಿದೆ ಅಂತ ಯಾರಾದರೂ ಹೇಳಿದರೆ ಹಳೆಯ ಬೇರಿಂಗ್ ತೋರಿಸು ಅನ್ನಿ.

ಬೇರಿಂಗ್ ಹೋಗಿದೆ ಅಂತ ಗೊತ್ತಾದ ದಿನದಿಂದ ಸ್ಪಿನ್ ನಿಲ್ಲಿಸಿ. ಒಗೆಯಲೇಬೇಕಿದ್ದರೆ ಅತಿ ಕಡಿಮೆ ವೇಗ, ಕಡಿಮೆ ಬಟ್ಟೆ. ಓಡಿಸುತ್ತಲೇ ಇದ್ದರೆ ಬೇರಿಂಗ್ ಕೂರುವ ಮನೆಯೇ ಸವೆದು ಅಗಲವಾಗುತ್ತದೆ. ಆಗ ಟಬ್ಬನ್ನೇ ಬದಲಿಸಬೇಕು. ಬೇರಿಂಗ್ ಖರ್ಚಿನಲ್ಲಿ ಮುಗಿಯುತ್ತಿದ್ದದ್ದು ಹೊಸ ಮಷಿನ್ ತನಕ ಹೋಗುವುದು ಹೀಗೆಯೇ.

ಎರಡು ಟಬ್ಬಿನ ಮಷಿನ್, ಟಾಪ್ ಲೋಡ್

ನಮ್ಮ ಊರುಗಳಲ್ಲಿ ಇನ್ನೂ ಜಾಸ್ತಿ ಓಡುವುದು ಎರಡು ಟಬ್ಬಿನ ಸೆಮಿ ಆಟೋಮ್ಯಾಟಿಕ್. ಇದರ ದೋಷಗಳು ಸರಳ. ಹಿಂಡುವ ಕಡೆ ದಡದಡ ಅಂದರೆ ಮೊದಲು ಬಟ್ಟೆಯ ಮೇಲೆ ಪ್ಲಾಸ್ಟಿಕ್ ಬಿಲ್ಲೆ ಒತ್ತಿ ಇಟ್ಟಿದ್ದೀರಾ ನೋಡಿ. ಆಮೇಲೂ ಬಂದರೆ ಸ್ಪಿನ್ ಮೋಟಾರು ಕೂತಿರುವ ಸ್ಪ್ರಿಂಗ್ ಬುಷ್‌ಗಳಲ್ಲಿ ಒಂದು ಮುರಿದಿರುತ್ತದೆ. ಕಿರ್ರ್ ಅಂತ ಉದ್ದಕ್ಕೆ ಕಿರುಚಿದರೆ ಬ್ರೇಕ್ ಶೂ ಉಜ್ಜುತ್ತಿದೆ, ಮುಚ್ಚಳದಿಂದ ಇಳಿದುಬರುವ ಬ್ರೇಕ್ ತಂತಿ ಸಡಿಲಾಗಿದೆ. ಮೋಟಾರು ಗುಂಯ್ ಅಂದು ತಿರುಗದಿದ್ದರೆ ಅದಕ್ಕೆ ಶುರುವಿನ ಬಲ ಕೊಡುವ ಕೆಪಾಸಿಟರ್ ಹೋಗಿರಬಹುದು, ಇಲ್ಲವೇ ವೋಲ್ಟೇಜ್ ಕಡಿಮೆ ಇರಬಹುದು. ಕೆಪಾಸಿಟರ್‌ಗೆ ನೀವು ಕೈ ಹಾಕಬೇಡಿ, ಪ್ಲಗ್ ತೆಗೆದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ.

ಟಾಪ್ ಲೋಡ್‌ನಲ್ಲಿ ಟಬ್ಬು ನಾಲ್ಕು ರಾಡುಗಳ ಮೇಲೆ ತೂಗುತ್ತಿರುತ್ತದೆ. ಟಬ್ಬಿನ ಅಂಚನ್ನು ಒಂದು ಮೂಲೆಯಲ್ಲಿ ಒತ್ತಿ ಬಿಡಿ. ಒಮ್ಮೆ ಮೇಲೆ ಬಂದು ನಿಲ್ಲಬೇಕು. ಮತ್ತೆ ಮತ್ತೆ ಕುಣಿದರೆ ರಾಡುಗಳು ಸೋತಿವೆ. ನಾಲ್ಕನ್ನೂ ಒಟ್ಟಿಗೆ ಬದಲಿಸಿ.

ರಿಪೇರಿಯೋ, ಹೊಸದೋ

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಸೆಮಿ ಆಟೋಮ್ಯಾಟಿಕ್ ಆದರೆ, ಮೈ ತುಕ್ಕು ಹಿಡಿದು ಟಬ್ ಒಡೆಯದ ತನಕ ರಿಪೇರಿಯೇ ಸರಿ. ಭಾಗಗಳು ಅಗ್ಗ, ಕೆಲಸ ಗೊತ್ತಿರುವವರು ಗದಗ, ಹಾವೇರಿಯಲ್ಲೂ ಸಿಗುತ್ತಾರೆ. ಟಾಪ್ ಲೋಡ್‌ಗೂ ರಾಡು, ಬೆಲ್ಟು, ಪಂಪು ಇವುಗಳಿಗೆ ಖರ್ಚು ಮಾಡಬಹುದು.

ಫ್ರಂಟ್ ಲೋಡ್ ಬೇರಿಂಗ್ ವಿಷಯದಲ್ಲಿ ಮಾತ್ರ ಒಂದು ಪ್ರಶ್ನೆ ಎಲ್ಲವನ್ನೂ ತೀರ್ಮಾನಿಸುತ್ತದೆ: ಹೊರಟಬ್ಬಿನ ಎರಡು ಹೋಳುಗಳನ್ನು ಸ್ಕ್ರೂ ಹಾಕಿ ಜೋಡಿಸಿದ್ದಾರಾ, ಅಥವಾ ಕರಗಿಸಿ ಅಂಟಿಸಿದ್ದಾರಾ? ಸ್ಕ್ರೂ ಇದ್ದರೆ ಬಿಚ್ಚಿ ಬೇರಿಂಗ್ ಹಾಕಬಹುದು. ಅಂಟಿಸಿದ್ದರೆ ಕಂಪನಿಯವರು ಇಡೀ ಟಬ್ಬೇ ಬದಲಿಸಬೇಕು ಅನ್ನುತ್ತಾರೆ, ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಗರಗಸದಿಂದ ಕೊಯ್ದು, ಬೇರಿಂಗ್ ಹಾಕಿ, ಬೋಲ್ಟು ಮತ್ತು ಸಿಲಿಕೋನ್‌ನಿಂದ ಮತ್ತೆ ಜೋಡಿಸುವ ಕೈಚಳಕದವರೂ ಇದ್ದಾರೆ. ಆದರೆ ಸೋರದಂತೆ ಜೋಡಿಸುವುದು ಎಲ್ಲರ ಕೈಯಲ್ಲೂ ಆಗುವುದಿಲ್ಲ. ಮೊದಲು ಹೀಗೆ ಮಾಡಿಸಿದವರನ್ನು ಕೇಳಿಯೇ ಮುಂದುವರಿಯಿರಿ.

ಆಮೇಲೆ ಲೆಕ್ಕ. ಅದೇ ಅಳತೆಯ ಹೊಸ ಮಷಿನ್ನಿನ ಅರ್ಧ ಬೆಲೆಗಿಂತ ರಿಪೇರಿ ಜಾಸ್ತಿಯಾದರೆ ನಾನು ಬಿಡಿ ಅನ್ನುತ್ತೇನೆ. ಎಂಟು ಹತ್ತು ವರ್ಷ ದಾಟಿದ್ದು, ಜೇಡನೂ ಹೋಗಿ, ಬಾಗಿಲ ರಬ್ಬರ್ ಕೂಡ ಹರಿದಿದ್ದರೆ ಮೂರನೇ ಒಂದು ಭಾಗದಷ್ಟು ಖರ್ಚೂ ಬೇಡ. ಮಷಿನ್ ಮೂರ್ನಾಲ್ಕು ವರ್ಷದ್ದು, ಮೈ ಚೆನ್ನಾಗಿದೆ, ಎಲೆಕ್ಟ್ರಾನಿಕ್ ಬೋರ್ಡು ಸರಿಯಿದೆ ಅಂದರೆ ಬೇರಿಂಗ್ ಒಂದಕ್ಕೆ ಅದನ್ನು ಎಸೆಯುವುದು ದುಂದು. ಗದಗ, ಹಾವೇರಿಯವರು ಹುಬ್ಬಳ್ಳಿಯಿಂದ ಭಾಗ ತರಿಸುವ ಖರ್ಚು, ಬಂದುಹೋಗುವ ಚಾರ್ಜು ಎರಡನ್ನೂ ಲೆಕ್ಕಕ್ಕೆ ಸೇರಿಸಿ.

ಮಷಿನ್ ಮೇಲೆ ಅಂಟಿಸಿರುವ "ಮೋಟಾರಿಗೆ 10 ವರ್ಷ ವಾರಂಟಿ" ಚೀಟಿ ನೋಡಿ ಸಮಾಧಾನ ಪಡಬೇಡಿ. ಅದು ಮೋಟಾರಿಗೆ ಮಾತ್ರ. ಬೇರಿಂಗ್, ಸೀಲ್, ಕೂಲಿ ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ಆದರೂ ವಾರಂಟಿ ಕಾರ್ಡ್ ಓದಿ, ಪೂರ್ತಿ ಮಷಿನ್ನಿನ ವಾರಂಟಿ ಇನ್ನೂ ಇದ್ದರೆ ಹೊರಗಿನವರ ಕೈಯಲ್ಲಿ ಬಿಚ್ಚಿಸಬೇಡಿ. ವಾರಂಟಿಯೊಳಗಿದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ರಿಪೇರಿ ಮಾಡಿಸಿದರೆ ಬಿಲ್ಲು ಬರೆಸಿಕೊಳ್ಳಿ. ಯಾವ ಭಾಗ ಹಾಕಿದರು, ಎಷ್ಟು ತಿಂಗಳ ಗ್ಯಾರಂಟಿ ಅಂತ ಅದರಲ್ಲಿರಲಿ. ಹಳೆಯ ಬೇರಿಂಗ್ ಕೈಗೆ ತೆಗೆದುಕೊಳ್ಳಿ. ಅವರು ಹೋಗುವ ಮೊದಲೇ ಖಾಲಿ ಸ್ಪಿನ್ ಒಂದು, ತುಂಬಿದ ಸ್ಪಿನ್ ಒಂದು ಹಾಕಿಸಿ, ಮೊದಲು ರೆಕಾರ್ಡ್ ಮಾಡಿಟ್ಟ ಸದ್ದಿನ ಜೊತೆ ಹೋಲಿಸಿ. ಒಂದೆರಡು ವಾರ ಬಳಸಿದ ಮೇಲೆ ಹಿಂದಿನ ಮುಚ್ಚಳ ತೆಗೆದು ಟಬ್ಬಿನ ನಡುಭಾಗಕ್ಕೆ ಮತ್ತೆ ಟಾರ್ಚ್ ಬಿಡಿ. ಹನಿ ನೀರು ಕಂಡರೂ ಸರಿ, ಹೊಸ ಕಂದು ಗೆರೆ ಕಂಡರೂ ಸರಿ, ಸದ್ದು ಶುರುವಾಗುವ ತನಕ ಕಾಯದೆ ಗ್ಯಾರಂಟಿ ಇರುವಾಗಲೇ ಅವರನ್ನು ಕರೆಸಿ.